ಪ್ಲೈವುಡ್ ಮೇಲೊಂದು ವಿಧಾನಸೌಧ: ವೈರಿಂಗ್ ಮಾಡಿ, ಬಿಚ್ಚಿ, ಮತ್ತೆ ಮಾಡಿದ ಕಥೆ

ನಮ್ಮ ಹೈಸ್ಕೂಲಿನ ಒಂಬತ್ತನೇ ತರಗತಿಯ ಗೋಡೆಯಲ್ಲಿ ಒಂದು ಹಳೇ ಚಾರ್ಟ್ ಇದೆ. ಮೂರು ಚೌಕ, ಒಂದರಿಂದ ಇನ್ನೊಂದಕ್ಕೆ ಬಾಣ. ಶಾಸಕಾಂಗ ಕಾನೂನು ಮಾಡುತ್ತದೆ, ಕಾರ್ಯಾಂಗ ಜಾರಿ ಮಾಡುತ್ತದೆ, ನ್ಯಾಯಾಂಗ ನ್ಯಾಯ ಹೇಳುತ್ತದೆ. ವರ್ಷಕ್ಕೊಂದು ಬ್ಯಾಚು ಅದನ್ನು ಉರು ಹೊಡೆದು, ಅಂಕ ತಗೊಂಡು ಹೋಗುತ್ತದೆ. ಈ ಜೂನ್‌ನಲ್ಲಿ ಕೊನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮಿಸ್, ಈ ಬಾಣದೊಳಗೆ ಏನ್ ಹೋಗುತ್ತೆ?” ಅಂತ ಕೇಳಿದ.

ಮಸೂದೆ ಹೋಗುತ್ತೆ ಅಂದೆ. ಕ್ಲಾಸು ನಕ್ಕಿತು. ನನಗೂ ಉತ್ತರ ಸಾಲದು ಅನ್ನಿಸಿತು. ಬಾಣದ ಬದಲು ವೈರು ಎಳೆದು, ಮಸೂದೆಯ ಬದಲು ಕರೆಂಟು ಬಿಟ್ಟರೆ ಹೇಗೆ ಅನ್ನೋ ಯೋಚನೆ ಬಂದದ್ದು ಆ ಸಂಜೆ, ಮನೆಯಲ್ಲಿ ಕರೆಂಟು ಹೋದಾಗ.

ಸಾಮಾನು ಇಷ್ಟು: ವಾರ್ಷಿಕೋತ್ಸವದ ವೇದಿಕೆಗೆ ತಂದು ಮಿಕ್ಕಿದ್ದ ನಾಲ್ಕಡಿ ಮೂರಡಿ ಪ್ಲೈವುಡ್, 12 ವೋಲ್ಟ್ 2 ಆಂಪ್ ಅಡಾಪ್ಟರ್, ಟಾಗಲ್ ಸ್ವಿಚ್ಚುಗಳು, ಐದು ರಿಲೇ (ಕೈಯ ಬದಲು ಕರೆಂಟಿನಿಂದಲೇ ಎಳೆಯುವ ಸ್ವಿಚ್), ಒಂದು ರೋಟರಿ ಸ್ವಿಚ್, ಒಂದು ಮೀಟರ್ ಎಲ್‌ಇಡಿ ಸ್ಟ್ರಿಪ್, ಸಿಂಗಲ್ ಸ್ಟ್ರಾಂಡ್ ವೈರು ಎರಡು ಬಣ್ಣದ್ದು. ಬೆಸುಗೆ ಹಾಕಲು ವಿಜ್ಞಾನದ ಮೇಷ್ಟ್ರು. ಅವರು ಒಂದೇ ಷರತ್ತು ಹಾಕಿದರು: “ಮೇಡಂ, ರಾಜಕೀಯ ನಿಮ್ಮದು, ಪೋಲಾರಿಟಿ ನಂದು.”

ಬೋರ್ಡಿನ ಮೇಲೆ ಬೆಂಗಳೂರಿನ ನಕ್ಷೆಯನ್ನೇ ಬರೆದೆವು. ಮಧ್ಯೆ ಅಂಬೇಡ್ಕರ್ ವೀಧಿ, ಒಂದು ಬದಿ ವಿಧಾನಸೌಧ, ಎದುರಿಗೆ ಕೆಂಪು ಬಣ್ಣದ ಅಠಾರ ಕಚೇರಿ, ಅಂದರೆ ಹೈಕೋರ್ಟ್. ಸ್ವಲ್ಪ ದೂರಕ್ಕೆ ರಾಜಭವನ. ಮಕ್ಕಳು ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಸ್ಕೆಚ್ ಪೆನ್ನಲ್ಲಿ ಬರೆದರು. ನಕ್ಷೆ ಬರೆಯುವಾಗಲೇ ಮೊದಲ ತಕರಾರು ಬಂತು. ಕಾರ್ಯಾಂಗಕ್ಕೆ ಬೇರೆ ಕಟ್ಟಡ ಎಲ್ಲಿ? ಮುಖ್ಯಮಂತ್ರಿ ಕೂರುವುದೂ ವಿಧಾನಸೌಧದಲ್ಲೇ, ಶಾಸಕರು ಸೇರುವುದೂ ಅಲ್ಲೇ. ಚಾರ್ಟಿನಲ್ಲಿ ಎರಡು ಚೌಕ ದೂರದೂರ ಇದ್ದವು, ನೆಲದ ಮೇಲೆ ಒಂದೇ ಮೆಟ್ಟಿಲು. ಅಮೆರಿಕದಲ್ಲಿ ಮಂತ್ರಿಯಾದವನು ಅಲ್ಲಿನ ಸಂಸತ್ತಿನ ಸದಸ್ಯನಾಗಿರುವಂತಿಲ್ಲ. ನಮ್ಮಲ್ಲಿ ಮಂತ್ರಿಯಾದ ಆರು ತಿಂಗಳೊಳಗೆ ಯಾವುದಾದರೊಂದು ಸದನದ ಸದಸ್ಯ ಆಗದಿದ್ದರೆ ಕುರ್ಚಿ ಹೋಗುತ್ತದೆ. ಹಾಗಾಗಿ ಕಟ್ಟಡ ಒಂದೇ ಇರಲಿ, ಕೆಳಗೆ ಸದನ, ಮೇಲೆ ಸಂಪುಟ ಅಂತ ತೀರ್ಮಾನವಾಯಿತು.

ಮೊದಲ ವೈರಿಂಗ್

ಚಾರ್ಟಿನ ಬಾಣಗಳಂತೆಯೇ ಎಲ್ಲವನ್ನೂ ಸೀರೀಸಿನಲ್ಲಿ, ಅಂದರೆ ಒಂದರ ಹಿಂದೊಂದು ಹಾಕಿದೆವು. ಅಡಾಪ್ಟರಿನಿಂದ ವಿಧಾನಸಭೆಯ ಸ್ವಿಚ್, ಅಲ್ಲಿಂದ ವಿಧಾನ ಪರಿಷತ್ತಿನ ಸ್ವಿಚ್, ಆಮೇಲೆ ರಾಜ್ಯಪಾಲರದ್ದು, ಆಮೇಲೆ ಹೈಕೋರ್ಟ್, ಕೊನೆಗೆ ‘ಕಾನೂನು’ ಅಂತ ಬರೆದ ಹಸಿರು ದೀಪ. ನಾಲ್ಕು ಮಕ್ಕಳು ನಾಲ್ಕು ಸ್ವಿಚ್ ಒತ್ತಿದರು, ದೀಪ ಹತ್ತಿತು, ಚಪ್ಪಾಳೆ ಬಿತ್ತು. ಮುಖ್ಯ ಶಿಕ್ಷಕರು ಬಂದು ಫೋಟೊ ತೆಗೆಸಿಕೊಂಡರು.

ಮಾರನೇ ದಿನ ಒಬ್ಬಳು ಹುಡುಗಿ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದಳು. “ಹಂಗಾದ್ರೆ ಮಿಸ್, ಕೋರ್ಟ್ ಒಪ್ಪಿದ್ಮೇಲೇನೇ ಕಾನೂನಾ?”

ಅಲ್ಲ. ಯಾವ ಮಸೂದೆಯೂ ಕೋರ್ಟಿನ ಒಪ್ಪಿಗೆಗೆ ಕಾಯುವುದಿಲ್ಲ. ಆದರೆ ನಮ್ಮ ಬೋರ್ಡು ಹಾಗೇ ಹೇಳುತ್ತಿತ್ತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು: ಪರಿಷತ್ತಿನ ಹುಡುಗ ಸುಮ್ಮನೆ ಕೈಕಟ್ಟಿ ಕೂತರೆ ಕಾನೂನೇ ಆಗುತ್ತಿರಲಿಲ್ಲ. ಆ ಹುಡುಗನಿಗಂತೂ ಇದು ಬಹಳ ಹಿಡಿಸಿ, ಎರಡು ಪೀರಿಯಡ್ ಪೂರ್ತಿ ಎಲ್ಲರನ್ನೂ ಗೋಳು ಹೊಯ್ದುಕೊಂಡ. ಸಂವಿಧಾನ ಅವನಿಗೆ ಅಷ್ಟು ಅಧಿಕಾರ ಕೊಟ್ಟಿಲ್ಲ. ಶನಿವಾರ ಮಧ್ಯಾಹ್ನ ಬೋರ್ಡು ಬೋರಲು ಹಾಕಿ ಎಲ್ಲ ವೈರನ್ನೂ ಕಿತ್ತೆವು.

ಪರಿಷತ್ತು

197ನೇ ವಿಧಿ ಹೇಳುವುದು ಹೀಗೆ. ವಿಧಾನಸಭೆ ಕಳಿಸಿದ ಮಸೂದೆಯನ್ನು ಪರಿಷತ್ತು ತಿರಸ್ಕರಿಸಬಹುದು, ಸಭೆ ಒಪ್ಪದ ತಿದ್ದುಪಡಿ ಹಾಕಬಹುದು, ಅಥವಾ ಏನೂ ಮಾಡದೆ ಇಟ್ಟುಕೊಳ್ಳಬಹುದು. ಇಟ್ಟುಕೊಂಡರೆ 3 ತಿಂಗಳು. ಆಮೇಲೆ ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಎರಡನೇ ಸಲ 1 ತಿಂಗಳು. ಅಷ್ಟರ ಮೇಲೆ ಪರಿಷತ್ತು ಏನೇ ಅನ್ನಲಿ, ಮಸೂದೆ ಎರಡೂ ಸದನದಲ್ಲಿ ಪಾಸಾದಂತೆಯೇ. ಎರಡು ಸದನ ಒಪ್ಪದಿದ್ದಾಗ ದೆಹಲಿಯ ಸಂಸತ್ತಿನಲ್ಲಿ ಮಾಡುವಂತೆ ಜಂಟಿ ಅಧಿವೇಶನ ಕರೆದು ಮಸೂದೆ ಪಾಸು ಮಾಡುವುದು ರಾಜ್ಯದಲ್ಲಿ ಇಲ್ಲ. 2024ರ ಫೆಬ್ರವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆಗೆ ಪರಿಷತ್ತಿನಲ್ಲಿ ಸೋಲಾದಾಗ, ಅದೇ ತಿಂಗಳ ಕೊನೆಯಲ್ಲಿ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿದ್ದು ಮಕ್ಕಳ ಮನೆಯ ಟಿವಿಯಲ್ಲೇ ಬಂದಿತ್ತು.

ಅಂದರೆ ಪರಿಷತ್ತಿಗೆ ಬೇಕಾದ್ದು ಬರೀ ಸ್ವಿಚ್ ಅಲ್ಲ, ಪಕ್ಕದಲ್ಲೊಂದು ಬೈಪಾಸ್ ಮತ್ತು ಟೈಮರ್. ನಡುವೆಯೂ ನಿಲ್ಲುವ ಮೂರು ಹಂತದ ಟಾಗಲ್ ಹಾಕಿದೆವು: ಮೇಲೆ ಒಪ್ಪಿಗೆ, ಕೆಳಗೆ ತಿರಸ್ಕಾರ, ನಡುವೆ ಮೌನ. ಮೌನಕ್ಕೆ 555 ಅನ್ನೋ ಟೈಮರ್ ಚಿಪ್ ಇರುವ ಸಿದ್ಧ ಟೈಮರ್ ರಿಲೇ. ಒಂದು ತಿಂಗಳಿಗೆ 5 ಸೆಕೆಂಡು ಅಂತ ಲೆಕ್ಕ ಇಟ್ಟುಕೊಂಡರೆ 3 ತಿಂಗಳಿಗೆ 15 ಸೆಕೆಂಡು. ಅಂಗಡಿಯಿಂದ ತಂದ ಟೈಮರು ಎಷ್ಟು ತಿರುಗಿಸಿದರೂ 11 ಸೆಕೆಂಡಿಗೇ ಟಿಕ್ ಅನ್ನುತ್ತಿತ್ತು. ಸಮಯ ಹೊಂದಿಸುವ ನೀಲಿ ಪ್ರಿಸೆಟ್ ಅನ್ನು ಕಡೆಯವರೆಗೆ ತಿರುಗಿಸಿ ಅದರ ಕಿವಿಯನ್ನೇ ಒಬ್ಬ ಮುರಿದ. ರೇಡಿಯೊ ರಿಪೇರಿ ಅಂಗಡಿಯ ಅಣ್ಣ ನೋಡಿ, “ಇದರಲ್ಲಿ ಇರೋದು 100 ಮೈಕ್ರೊಫ್ಯಾರಡ್ ಕೆಪಾಸಿಟರ್, 220 ಹಾಕಿ” ಅಂದ. ಪ್ರಿಸೆಟ್ಟಿನ ಒಂದು ಲಕ್ಷ ಓಮ್, ಕೆಪಾಸಿಟರಿನ ನೂರು ಮೈಕ್ರೊಫ್ಯಾರಡ್, ಎರಡನ್ನೂ ಗುಣಿಸಿ ಮತ್ತೆ 1.1ರಿಂದ ಗುಣಿಸಿದರೆ ಸರಿಯಾಗಿ 11 ಸೆಕೆಂಡು. ಲೆಕ್ಕ ಹಾಕಿ ತೋರಿಸಿದವರು ವಿಜ್ಞಾನದ ಮೇಷ್ಟ್ರು. ಹೊಸ ಪ್ರಿಸೆಟ್, ಹೊಸ ಕೆಪಾಸಿಟರ್ ಹಾಕಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು 15ಕ್ಕೆ ಕೂರಿಸಿದೆವು.

ತೆರಿಗೆ, ಸರ್ಕಾರದ ಖರ್ಚಿನಂಥ ಹಣದ ವಿಷಯದ ಧನ ಮಸೂದೆಗೆ ಬೇರೆ ಟೈಮರು. ಪರಿಷತ್ತಿಗೆ ಅದರ ಮೇಲೆ 14 ದಿನ ಮಾತ್ರ. ನಮ್ಮ ಲೆಕ್ಕದಲ್ಲಿ ಎರಡು ಸೆಕೆಂಡಿಗೆ ಸ್ವಲ್ಪ ಜಾಸ್ತಿ. ಪರಿಷತ್ತಿನ ಹುಡುಗ ಬಾಯಿ ತೆರೆಯುವಷ್ಟರಲ್ಲಿ ಟಿಕ್.

ತಕ್ಕಡಿಯ ಪ್ರಸಂಗ

ವಿಧಾನಸಭೆಗೆ ಒಂದೇ ಸ್ವಿಚ್ ಇರುವುದು ನನಗೆ ಸರಿಕಾಣಲಿಲ್ಲ. 224 ಜನರನ್ನು ಒಂದು ಬೆರಳು ಪ್ರತಿನಿಧಿಸಬಾರದು. ತಕ್ಕಡಿ ಇಟ್ಟು, ಪರ-ವಿರೋಧಕ್ಕೆ ಗೋಲಿ ಹಾಕಿ, ಭಾರ ವಾಲಿದ ಕಡೆ ತಟ್ಟೆಯ ಕೆಳಗಿನ ಸ್ವಿಚ್ ಒತ್ತುವಂತೆ ಮಾಡೋಣ ಅಂದೆ. ಮೂರು ವಾರ ಇದರಲ್ಲೇ ಹೋಯಿತು. ಗುಜರಿಯಿಂದ ಹಳೇ ಕಿರಾಣಿ ತಕ್ಕಡಿ ತಂದೆವು. ಗೋಲಿ ಒಂದಕ್ಕೆ 5 ಗ್ರಾಂ ಆಸುಪಾಸು. ಮೈಕ್ರೋ ಸ್ವಿಚ್ಚು ಅಷ್ಟಕ್ಕೆಲ್ಲ ಒತ್ತುವುದಿಲ್ಲ. ಅದನ್ನು ತೆಗೆದು ತಟ್ಟೆಯಡಿ ಅಲ್ಯೂಮಿನಿಯಂ ಫಾಯಿಲ್ಲು, ಪಿನ್ನು ಇಟ್ಟೆವು. ಆಗ ಸ್ವಿಚ್ ಒಪ್ಪಿತು, ಗೋಲಿ ಒಪ್ಪಲಿಲ್ಲ. ಒಂದೊಂದು ಗೋಲಿಯದ್ದು ಒಂದೊಂದು ಗಾತ್ರ. 110 ಗೋಲಿಯ ತಟ್ಟೆ 112ರ ತಟ್ಟೆಗಿಂತ ಕೆಳಗೆ ಕೂತು, ಬಹುಮತ ಇದ್ದ ಸರ್ಕಾರ ಕಣ್ಣೆದುರೇ ಬಿದ್ದುಹೋಯಿತು.

ಕೊನೆಗೆ ಅರ್ಥವಾಗಿದ್ದು, ಮತವನ್ನು ತೂಗುವುದಲ್ಲ, ಎಣಿಸುವುದು ಅಂತ. ತಕ್ಕಡಿ ಬಿಸಿಯೂಟದ ಕೋಣೆಗೆ ಹೋಯಿತು. ಅದರ ಜಾಗದಲ್ಲಿ ಅಡ್ಡ 28, ಉದ್ದ 8 ಸಾಲು ತೂತು ಕೊರೆದ ಹಲಗೆ ಬಂತು. 28 ಎಂಟಲಿ 224. ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪದ ಬಿದಿರು ಗೂಟಗಳು, ಪರವಾದರೆ ಹಳದಿ ತುದಿ ಮೇಲೆ, ವಿರೋಧವಾದರೆ ಕೆಂಪು. ಅವುಗಳಲ್ಲಿ 34ಕ್ಕೆ ನೀಲಿ ದಾರ ಕಟ್ಟಿದೆವು. ಮುಖ್ಯಮಂತ್ರಿಯೂ ಸೇರಿ ಸಂಪುಟ ವಿಧಾನಸಭೆಯ ಸದಸ್ಯಬಲದ ಶೇಕಡಾ 15 ಮೀರಬಾರದು ಅಂತ 2003ರ 91ನೇ ತಿದ್ದುಪಡಿ ಹೇಳಿದ್ದರಿಂದ ನಮ್ಮ ರಾಜ್ಯದ ಮಿತಿ 34. ಮಂತ್ರಿಗಳು ಪರಿಷತ್ತಿನಿಂದಲೂ ಬರಬಹುದು, ಆದರೆ ಎಲ್ಲರನ್ನೂ ಇಲ್ಲೇ ಕೂರಿಸಿದೆವು, ಸರಳವಾಗಲಿ ಅಂತ. 23 ಗೂಟ ಇಲ್ಲದಿದ್ದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಇಲ್ಲ, ಸ್ವಿಚ್ ಮುಟ್ಟುವಂತಿಲ್ಲ.

ಮಕ್ಕಳೇ ಎಣಿಸುತ್ತಾರೆ, ಸಭಾಧ್ಯಕ್ಷೆಯಾದ ಹುಡುಗಿ ಫಲಿತಾಂಶ ಕೂಗಿ ಸ್ವಿಚ್ ಹಾಕುತ್ತಾಳೆ. ಅವಳು ತಾನಾಗಿ ಮತ ಹಾಕುವಂತಿಲ್ಲ, ಸಮ ಸಮ ಬಂದರೆ ಮಾತ್ರ ಅವಳ ಮತ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಲೆಕ್ಕ ಹಾಕಿಬಿಟ್ಟಿದ್ದ: “ಅವಳನ್ನ ಬಿಟ್ರೆ 223. ಬೆಸ ಸಂಖ್ಯೆ. ಸಮ ಬರೋದೇ ಇಲ್ವಲ್ಲ ಮಿಸ್!” ಯಾರಾದರೊಬ್ಬರು ಬರದಿದ್ದರೆ, ಇಲ್ಲವೇ ತಟಸ್ಥರಾದರೆ 111-111 ಬರುತ್ತೆ ಅಂತ ಅವನ ಪಕ್ಕದವನೇ ಉತ್ತರ ಕೊಟ್ಟ. ಆ ಪೀರಿಯಡ್ಡಿನಲ್ಲಿ ನಾನು ಮಾಡಿದ ಕೆಲಸ ಏನೂ ಇಲ್ಲ.

ರಾಜಭವನದ ಗುಂಡಿ

ರಾಜ್ಯಪಾಲರ ಹತ್ತಿರ ರೋಟರಿ ಸ್ವಿಚ್. 200ನೇ ವಿಧಿ ಓದಿಕೊಂಡು ನಾಲ್ಕು ಮನೆ ಗುರುತಿಸಿದ್ದೆ: ಅಂಕಿತ, ತಡೆ, ಮರಳಿಸು, ರಾಷ್ಟ್ರಪತಿಗೆ. ‘ತಡೆ’ಯ ಕಾಲಿಗೆ ಯಾವ ವೈರನ್ನೂ ಕೊಟ್ಟಿರಲಿಲ್ಲ. ಅಲ್ಲಿಗೆ ತಿರುಗಿಸಿದರೆ ಮಸೂದೆ ಸತ್ತಂತೆ.

ಇದೂ ತಪ್ಪೇ. 2023ರ ನವೆಂಬರ್‌ನಲ್ಲಿ ಪಂಜಾಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಅಂಕಿತ ತಡೆಹಿಡಿಯುವ ರಾಜ್ಯಪಾಲರು ಮಸೂದೆಯನ್ನು ಸದನಕ್ಕೆ ಮರಳಿಸಬೇಕು, ಸುಮ್ಮನೆ ಅದುಮಿಟ್ಟು ಕೊಲ್ಲುವಂತಿಲ್ಲ ಅಂತ. ರಿಪೇರಿ ಸುಲಭವಿತ್ತು. ರೋಟರಿಯ ಹಿಂದೆ ಎರಡನೇ ಕಾಲಿನಿಂದ ಮೂರನೇ ಕಾಲಿಗೆ ಒಂದು ಸೆಂಟಿಮೀಟರ್ ಜಂಪರ್ ಬೆಸುಗೆ. ಈಗ ‘ತಡೆ’ಗೆ ತಿರುಗಿಸಿದರೂ ‘ಮರಳಿಸು’ ಕೆಲಸವೇ ಆಗುತ್ತದೆ, ವಿಧಾನಸಭೆಯ ಮೇಜಿನ ಹಳದಿ ದೀಪ ಹತ್ತುತ್ತದೆ. ಹೀಗೆ ಮರಳಿದ್ದನ್ನು ಸದನ ಮತ್ತೆ ಪಾಸು ಮಾಡಿ ಕಳಿಸಿದರೆ ಅಂಕಿತ ತಡೆಯುವಂತಿಲ್ಲ. ಅದಕ್ಕೆ ಒಂದು ರಿಲೇಯನ್ನು ತನ್ನನ್ನು ತಾನೇ ಹಿಡಿದುಕೊಳ್ಳುವಂತೆ ಕಟ್ಟಿ, ಎರಡನೇ ಸಲ ಬಂದಾಗ ಆ ಎರಡೂ ಕಾಲುಗಳನ್ನು ಅಂಕಿತದ ಕಾಲಿಗೆ ಸೇರಿಸುವಂತೆ ಮಾಡಿದೆವು. ಧನ ಮಸೂದೆಯನ್ನು ಮರಳಿಸಲು ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ವೈರು ಎಳೆಯುವ ತಾಳ್ಮೆ ಉಳಿದಿರಲಿಲ್ಲ, ಬೋರ್ಡಿನ ಮೇಲೆ ಚೀಟಿ ಅಂಟಿಸಿದೆ.

ಸುಗ್ರೀವಾಜ್ಞೆಯ ಬಟನ್

ಸಂಪುಟದಿಂದ ನೇರ ರಾಜಭವನಕ್ಕೆ ಒಂದು ಅಡ್ಡದಾರಿ ಇದೆ. ಸದನ ಇಲ್ಲದಾಗ ಸುಗ್ರೀವಾಜ್ಞೆ. ಕೆಂಪು ಪುಶ್ ಬಟನ್ ಒತ್ತಿದರೆ ಹಸಿರು ದೀಪ ನೇರ ಹತ್ತುತ್ತದೆ. ಆದರೆ ಸದನ ಮತ್ತೆ ಸೇರಿ 6 ವಾರ ಕಳೆದರೆ ಅದು ಆರುತ್ತದೆ. ನಮ್ಮ ಪ್ರಮಾಣದಲ್ಲಿ 42 ದಿನ ಅಂದರೆ ಸರಿಯಾಗಿ 7 ಸೆಕೆಂಡು. ಸಭಾಧ್ಯಕ್ಷೆ ‘ಅಧಿವೇಶನ’ ಸ್ವಿಚ್ ಹಾಕಿದ ಕ್ಷಣದಿಂದ ಟೈಮರ್ ಓಡುತ್ತದೆ.

ಮುಖ್ಯಮಂತ್ರಿಯಾಗಿ ಕೂತ ಹುಡುಗ ಎರಡು ನಿಮಿಷದಲ್ಲಿ ದಾರಿ ಕಂಡುಕೊಂಡ. ದೀಪ ಆರಿ ಅಧಿವೇಶನ ಮುಗಿದ ಕೂಡಲೇ ಮತ್ತೆ ಬಟನ್. ಆರಿತು, ಮತ್ತೆ ಬಟನ್. ಗೂಟದ ಹಲಗೆಯ ಮುಂದೆ ಕೂತವರು “ನಾವ್ ಯಾಕಿದೀವಿ?” ಅಂತ ಕೂಗಾಡಿದರು.

ಬಿಹಾರ ಸರ್ಕಾರ ಮಾಡಿದ್ದೂ ಇದನ್ನೇ ಅಂದೆ. 1967ರಿಂದ 1981ರವರೆಗೆ ಅಲ್ಲಿ 256 ಸುಗ್ರೀವಾಜ್ಞೆ ಹೊರಟವು, ಬಹಳಷ್ಟನ್ನು ಮತ್ತೆ ಮತ್ತೆ ಹೊರಡಿಸಿ ಜೀವಂತ ಇಟ್ಟರು, ಕೆಲವು ಹದಿನಾಲ್ಕು ವರ್ಷದವರೆಗೂ ಉಳಿದವು. ಪುಣೆಯ ಅರ್ಥಶಾಸ್ತ್ರದ ಪ್ರಾಧ್ಯಾಪಕ ಡಿ.ಸಿ. ವಾಧ್ವಾ ಅದನ್ನು ಲೆಕ್ಕ ಹಾಕಿ ಸುಪ್ರೀಂ ಕೋರ್ಟಿಗೆ ಹೋದರು. 1986ರ ಡಿಸೆಂಬರ್‌ನಲ್ಲಿ ಐವರ ಪೀಠ, ಇದು ಸಂವಿಧಾನಕ್ಕೆ ಎಸಗಿದ ವಂಚನೆ ಅಂತ ಹೇಳಿತು. ನಮ್ಮ ಮುಖ್ಯಮಂತ್ರಿ ಬಟನ್‌ನಿಂದ ಬೆರಳು ತೆಗೆದ. ಹಾಗೆ ಒತ್ತಲು ಬಾರದಂತೆ ಲಾಚ್ ಹಾಕೋಣ ಅಂತ ವಿಜ್ಞಾನದ ಮೇಷ್ಟ್ರು ಅಂದರು. ನಾನು ಬೇಡ ಅಂದೆ. ಬಟನ್ ಒತ್ತಲು ಬರಬೇಕು, ಎದುರಿನ ಕೆಂಪು ಕಟ್ಟಡದಲ್ಲಿ ಅದನ್ನು ಪ್ರಶ್ನಿಸಲೂ ಬರಬೇಕು.

ಕೆಂಪು ಕಟ್ಟಡ

ಎಲ್ಲಕ್ಕಿಂತ ಹೆಚ್ಚು ಬಿಚ್ಚಿ ಕಟ್ಟಿದ್ದು ಇದನ್ನೇ. ಕೋರ್ಟು ಇರಬೇಕಾದ್ದು ದೀಪಕ್ಕೆ ಹೋಗುವ ದಾರಿಯಲ್ಲಿ, ಆದರೆ ಮುಚ್ಚಿದ ಸಂಪರ್ಕವಾಗಿ. ರಿಲೇ ಭಾಷೆಯಲ್ಲಿ ನಾರ್ಮಲಿ ಕ್ಲೋಸ್ಡ್: ಯಾರೂ ಏನೂ ಮಾಡದಿದ್ದರೆ ಕರೆಂಟು ಹಾಯಾಗಿ ಹರಿಯುತ್ತದೆ. ಕಾನೂನನ್ನು ಮೊದಲು ಸಿಂಧು ಅಂತಲೇ ಭಾವಿಸುವುದು ಕೋರ್ಟಿನ ರೂಢಿ, ರಿಲೇಯ ರೂಢಿಯೂ ಅದೇ.

ತೆರೆಯಲು ಎರಡು ಕೈ ಬೇಕು. ರಸ್ತೆಯ ಮೇಲೆ ‘ಅರ್ಜಿ’ ಅಂತ ಒಂದು ಪುಶ್ ಬಟನ್, ಅದು ಜನರದ್ದು. ಕಟ್ಟಡದೊಳಗೆ ‘ತೀರ್ಪು’ ಟಾಗಲ್, ಅದು ನ್ಯಾಯಾಧೀಶರದ್ದು. ಎರಡೂ ಸೀರೀಸಿನಲ್ಲಿ. ನ್ಯಾಯಾಧೀಶೆ ಒಬ್ಬಳೇ ಎಷ್ಟು ಟಕಟಕ ಅನ್ನಿಸಿದರೂ ಏನೂ ಆಗುವುದಿಲ್ಲ. ಅರ್ಜಿ ಬಟನ್ನನ್ನೂ ಒತ್ತಿದಾಗಲೇ ರಿಲೇ ಎಳೆಯುತ್ತದೆ. ಕೋರ್ಟು ತಾನಾಗಿಯೇ ಪ್ರಕರಣ ಎತ್ತಿಕೊಳ್ಳುವುದೂ ಉಂಟು ಅಂತ ಹೇಳಿದ್ದಕ್ಕೆ, ಹಾಗಾದರೆ ಒಳಗೂ ಒಂದು ಸಣ್ಣ ಬಟನ್ ಇರಲಿ ಅಂತ ಮಕ್ಕಳೇ ಸೇರಿಸಿದರು.

ಹಸಿರು ದೀಪವನ್ನೂ ಬದಲಾಯಿಸಿದೆವು. ಒಂದೇ ಬಲ್ಬ್ ಇದ್ದರೆ ಕಾನೂನು ಪೂರ್ತಿ ಇರಬೇಕು ಇಲ್ಲವೇ ಪೂರ್ತಿ ಹೋಗಬೇಕು. 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ಪನ್ನು ಮೂರು ಮೂರು ದೀಪಕ್ಕೊಮ್ಮೆ ಕತ್ತರಿಸಬಹುದು, ತಾಮ್ರದ ಗುರುತಿರುತ್ತದೆ. ಮೂರು ತುಂಡು ಮಾಡಿ ಸೆಕ್ಷನ್ ಒಂದು, ಎರಡು, ಮೂರು ಅಂತ ಅಂಟಿಸಿ ಕೋರ್ಟಿನ ರಿಲೇಯನ್ನು ಎರಡನೆಯದಕ್ಕೆ ಮಾತ್ರ ಕೊಟ್ಟೆವು. 2015ರ ಮಾರ್ಚ್‌ನಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಬಿದ್ದುಹೋದರೂ ಕಾಯ್ದೆ ಉಳಿಯಿತಲ್ಲ, ಹಾಗೆ.

ದೀಪ ಹತ್ತಿದ ಮಾತ್ರಕ್ಕೆ ಊರಲ್ಲಿ ಏನೂ ಆಗುವುದಿಲ್ಲ. ಆಗಬೇಕಾದ್ದು ಕಾರ್ಯಾಂಗದಿಂದ. ಅದಕ್ಕೆ ಗ್ಯಾರೇಜಿನಿಂದ ತಂದ ಹಳೇ ವೈಪರ್ ಮೋಟಾರು, ಅದಕ್ಕೊಂದು ಸೈಕಲ್ ಚಕ್ರದ ಚಿಕ್ಕ ತಮ್ಮ. ‘ಅಧಿಸೂಚನೆ’ ಸ್ವಿಚ್ ಹಾಕಿದರೆ ತಿರುಗಬೇಕು. ಮೋಟಾರಿನ ಪ್ಲಸ್ ವೈರು ಮಾತ್ರ ಗೂಟದ ಹಲಗೆಯ ‘ಧನವಿನಿಯೋಗ’ ಸ್ವಿಚ್ ಮೂಲಕವೇ ಬರುತ್ತದೆ. ಸದನ ದುಡ್ಡು ಮಂಜೂರು ಮಾಡದಿದ್ದರೆ ತಹಶೀಲ್ದಾರರ ಜೀಪಿಗೆ ಡೀಸೆಲ್ ಇಲ್ಲ.

ಅಕ್ಟೋಬರಿನ ಒಂದು ಶನಿವಾರ ಎಲ್ಲ ಕೂಡಿಸಿ ಓಡಿಸಿದೆವು. ಸೆಕ್ಷನ್ ಎರಡರ ಮೇಲೆ ಅರ್ಜಿ ಬಿತ್ತು, ತೀರ್ಪು ಬಂತು, ನಡುವಿನ ತುಂಡು ಆರಿತು. ರಿಲೇ ತನ್ನನ್ನು ತಾನೇ ಹಿಡಿದುಕೊಂಡು ನಿಂತಿತು. ಉಳಿದ ಎರಡು ಸೆಕ್ಷನ್ ಜಾರಿ ಮಾಡಲು ಮಂತ್ರಿ ಅಧಿಸೂಚನೆ ಸ್ವಿಚ್ ಹಾಕಿದ. ಮೋಟಾರು ಗುರ್ ಅಂದಿತು, ಬೋರ್ಡಿನ ದೀಪಗಳೆಲ್ಲ ಒಮ್ಮೆ ರೆಪ್ಪೆ ಬಡಿದವು. ಕೋರ್ಟಿನ ರಿಲೇ ಟಿಕ್ ಎಂದು ಬಿಟ್ಟುಕೊಂಡಿತು. ರದ್ದಾದ ಸೆಕ್ಷನ್ ಎರಡು ಮತ್ತೆ ಹಸಿರಾಗಿ ಉರಿಯುತ್ತಿತ್ತು.

ಕ್ಲಾಸಿನಲ್ಲಿ ಒಂದು ಕ್ಷಣ ಸದ್ದಿಲ್ಲ. “ಮಿಸ್, ಮಂತ್ರಿ ಕೋರ್ಟನ್ನ ಆಫ್ ಮಾಡ್ಬಿಟ್ಟ!”

ಮಲ್ಟಿಮೀಟರ್ ಇಟ್ಟು ನೋಡಿದರು ಮೇಷ್ಟ್ರು. ವೈಪರ್ ಮೋಟಾರು ಶುರುವಾಗುವಾಗ 2 ಆಂಪಿನ ಅಡಾಪ್ಟರಿಗೆ ಅದನ್ನು ಹೊರಲು ಆಗದೆ ವೋಲ್ಟೇಜ್ ಕುಸಿಯುತ್ತಿತ್ತು. ಕೋರ್ಟಿನ ರಿಲೇಯನ್ನು ಎಳೆದು ಹಿಡಿಯುವ ತಂತಿ ಸುರುಳಿ, ಅಂದರೆ ಕಾಯಿಲೂ ಅದೇ ಲೈನಿನಲ್ಲಿತ್ತು. ಮೋಟಾರಿನ ಬಾಯಿಗೆ 104 ಕೆಪಾಸಿಟರ್, ರಿಲೇ ಕಾಯಿಲ್‌ಗಳಿಗೆ ಉಲ್ಟಾ 1ಎನ್4007 ಡಯೋಡ್ ಹಾಕಿದರು. ಸದ್ದು ಕಡಿಮೆಯಾಯಿತು, ಕುಸಿತ ಹೋಗಲಿಲ್ಲ. ದೊಡ್ಡ ಅಡಾಪ್ಟರ್ ತಂದರೆ ಮುಗಿಯಿತು ಅಂದರು. ನನಗೆ ಬೇರೆ ನೆನಪಾಯಿತು. ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಹೈಕೋರ್ಟಿನ ಆಡಳಿತದ ಖರ್ಚು ರಾಜ್ಯದ ಸಂಚಿತ ನಿಧಿಯ ಮೇಲೆ ನೇರ ಪ್ರಭೃತ ವೆಚ್ಚ. ಸದನ ಅದರ ಬಗ್ಗೆ ಚರ್ಚೆ ಮಾಡಬಹುದು, ಮತಕ್ಕೆ ಹಾಕುವಂತಿಲ್ಲ. ಹಣದ ಗಂಟಲು ಹಿಸುಕಿ ಕೋರ್ಟನ್ನು ಮಣಿಸಲು ಬಾರದಿರಲಿ ಅಂತಲೇ ಈ ಏರ್ಪಾಡು. ನಮ್ಮ ಬೋರ್ಡಿನಲ್ಲಿ ಮಾತ್ರ ಕೋರ್ಟು ಕಾರ್ಯಾಂಗದ ಮೋಟಾರಿನ ಎಂಜಲು ಕರೆಂಟು ಕುಡಿಯುತ್ತಿತ್ತು.

ಹಾಳಾದ ರೌಟರಿನ 12 ವೋಲ್ಟ್ ಅಡಾಪ್ಟರ್ ಮನೆಯಲ್ಲಿತ್ತು. ಅದನ್ನು ಕೆಂಪು ಕಟ್ಟಡಕ್ಕೆ ಮಾತ್ರ ಮೀಸಲಿಟ್ಟೆವು. ರಿಲೇಯ ಕಾಯಿಲ್ಲು ಬೇರೆ, ಸಂಪರ್ಕ ಬೇರೆ ಆದ್ದರಿಂದ ಎರಡು ಲೈನು ಎಲ್ಲೂ ಕೂಡಬೇಕಿಲ್ಲ. ಮತ್ತೆ ತೀರ್ಪು, ಮತ್ತೆ ಅಧಿಸೂಚನೆ. ಮೋಟಾರು ಗುರ್ ಅಂದಿತು, ದೀಪಗಳು ರೆಪ್ಪೆ ಬಡಿದವು, ಸೆಕ್ಷನ್ ಎರಡು ಆರಿಯೇ ಇತ್ತು. ಮಂತ್ರಿ ನಾಲ್ಕು ಸಲ ಪ್ರಯತ್ನಪಟ್ಟ. ಆಮೇಲೆ ವೈಪರ್ ಮೋಟಾರನ್ನೂ ತೆಗೆದು 60 ಆರ್‌ಪಿಎಂ ಗೇರ್ ಮೋಟಾರ್ ಹಾಕಿದೆವು, ಯಾಕೆಂದರೆ ಪರಿಷತ್ತಿನ ಟೈಮರು ವೈಪರ್ ಮೋಟಾರಿನ ಕಾಟಕ್ಕೆ ಪದೇ ಪದೇ ಸೊನ್ನೆಗೆ ಹೋಗುತ್ತಿತ್ತು.

ನವೆಂಬರ್ 26ಕ್ಕೆ ಸಂವಿಧಾನ ದಿನದಂದು ಬೋರ್ಡನ್ನು ಅಂಗಳದಲ್ಲಿಟ್ಟೆವು. ಖರ್ಚು ಎರಡು ಸಾವಿರದ ಒಳಗೆ ನಿಂತಿತು, ತಕ್ಕಡಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಹಳೇ ಚಾರ್ಟನ್ನು ತೆಗೆದಿಲ್ಲ, ಪರೀಕ್ಷೆಗೆ ಅದೇ ಬೇಕು.

ರೋಟರಿಯ ನಾಲ್ಕನೇ ಕಾಲು ಹಾಗೇ ಉಳಿದಿದೆ, ‘ರಾಷ್ಟ್ರಪತಿಗೆ’ ಅಂತ ಬರೆದದ್ದು. ಅಲ್ಲಿಂದ ಹೊರಟ ವೈರು ಬೋರ್ಡಿನ ಬಲ ಅಂಚು ದಾಟಿ ಹೊರಗೆ ನೇತಾಡುತ್ತದೆ, ತುದಿಗೆ ಇನ್ಸುಲೇಷನ್ ಟೇಪು. 201ನೇ ವಿಧಿಯಲ್ಲಿ ರಾಷ್ಟ್ರಪತಿಗಳಿಗೆ ದಿನದ ಗಡುವು ಬರೆದಿಲ್ಲ, ಹಾಗಾಗಿ ಅಲ್ಲಿ ಎಷ್ಟು ಸೆಕೆಂಡಿನ ಟೈಮರು ಹಾಕಬೇಕು ಅಂತ ಮೇಷ್ಟ್ರಿಗೆ ನಾನು ಹೇಳಲಾಗಲಿಲ್ಲ. ಆರನೇ ತರಗತಿಯ ಪುಟ್ಟನೊಬ್ಬ ಆ ತುದಿ ಹಿಡಿದು ಎಳೆದು, “ಇದೆಲ್ಲಿಗ್ ಹೋಗುತ್ತೆ ಮಿಸ್?” ಅಂದ. ದೆಹಲಿಗೆ ಅಂದೆ. ಅವನು ಬೋರ್ಡಿನ ಹಿಂದೆ ಹೋಗಿ ಬಗ್ಗಿ ನೋಡಿ ಬಂದ.